ಮಳೆಗಾಲದಲ್ಲಿ ಯಾರೂ ಹೋಗದ ದ್ವೀಪಗಳು

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನದಲ್ಲಿರುವ ದಾಸ ಮಂಗಟ್ಟೆ ಕಾರವಾರದಿಂದ ಬಂದ ಹಕ್ಕಿ. ಮುಂಬಯಿಯ ಕನ್ನಡಿಗರಲ್ಲೂ ಇದು ಗೊತ್ತಿರುವವರು ಕಡಿಮೆ. ಅದರ ಹೆಸರು ವಿಲಿಯಂ. 1894ರ ಮೇ ತಿಂಗಳಲ್ಲಿ ಹುಟ್ಟಿದ ಮರಿ. ಮೂರು ತಿಂಗಳಾದಾಗ ಕಾರವಾರದ ಎಚ್. ಇಂಗಲ್ ಎಂಬವರು ಅದನ್ನು ಸೊಸೈಟಿಗೆ ಕೊಟ್ಟರು. ಆಗ ಸೊಸೈಟಿಗೆ ಸ್ವಂತ ಕಟ್ಟಡವಿರಲಿಲ್ಲ. ಕೋಟೆ ಪ್ರದೇಶದಲ್ಲಿ ವೈನ್ ವ್ಯಾಪಾರ ಮಾಡುತ್ತಿದ್ದ ಎಚ್. ಎಂ. ಫಿಪ್ಸನ್ ತನ್ನ ಜಾಗದಲ್ಲೇ ಅದಕ್ಕೂ ನೆಲೆ ಕೊಟ್ಟಿದ್ದ. ವಿಲಿಯಂ ಅಲ್ಲೇ ಬೆಳೆಯಿತು. ಅತ್ತಿಹಣ್ಣಿನ ಜೊತೆಗೆ ಇಲಿ, ಚೇಳು ಕೊಟ್ಟರೂ ತಿನ್ನುತ್ತಿತ್ತಂತೆ, ಮೂವತ್ತು ಅಡಿ ದೂರದಿಂದ ಎಸೆದ ಟೆನ್ನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ. 1920ರವರೆಗೆ ಬದುಕಿತ್ತು. ಲಯನ್ ಗೇಟ್ ಎದುರಿನ ಇಂದಿನ ಹಾರ್ನ್‌ಬಿಲ್ ಹೌಸ್‌ಗೆ ಹೆಸರು ಬಂದದ್ದೂ ಅದರಿಂದಲೇ.

ಕಾರವಾರದ ಮರಿ ಮುಂಬಯಿಗೆ ಬಂದದ್ದರಲ್ಲಿ ವಿಶೇಷವೇನೂ ಇಲ್ಲ. ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರವರೆಗೆ ಮುಂಬಯಿಯ ಕೈಯಲ್ಲೇ ಇತ್ತು. 1883ರ ಸೆಪ್ಟೆಂಬರಿನಲ್ಲಿ ಎಂಟು ಜನ ಸೇರಿ ಸೊಸೈಟಿ ಕಟ್ಟಿದಾಗ ಅವರಲ್ಲಿ ಇಬ್ಬರು ಭಾರತೀಯ ವೈದ್ಯರಿದ್ದರು: ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ. ಉಳಿದ ಆರು ಇಂಗ್ಲಿಷರಲ್ಲಿ ಒಬ್ಬ ಇ. ಎಚ್. ಐಟ್ಕನ್, ಉಪ್ಪು ಮತ್ತು ಸುಂಕದ ಇಲಾಖೆಯವನು. ಉತ್ತರ ಕನ್ನಡದಲ್ಲಿ ನೌಕರಿ ಮಾಡುತ್ತ ಅಲ್ಲಿನ ಕಾಡಿನ ಬಗ್ಗೆ ಬಹಳ ಸೊಗಸಾಗಿ ಬರೆದ. ಅದೇ ಜಿಲ್ಲೆಯ ಕಲೆಕ್ಟರಾಗಿದ್ದ ಜೇಮ್ಸ್ ಡೇವಿಡ್‌ಸನ್ 1898ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ದೀರ್ಘವಾಗಿ ಬರೆದ. ಅರಣ್ಯಾಧಿಕಾರಿ ಟಿ. ಆರ್. ಬೆಲ್ ನಿವೃತ್ತನಾದ ಮೇಲೂ ಇಂಗ್ಲೆಂಡಿಗೆ ಮರಳದೆ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡ. ಮೂವರೂ ಸೇರಿ ಆ ಜಿಲ್ಲೆಯ ಚಿಟ್ಟೆಗಳನ್ನು ದಾಖಲಿಸಿದರು. ನಾನು ಹೊನ್ನಾವರ ತಾಲ್ಲೂಕಿನವನು. ನನ್ನೂರ ಕಾಡಿನಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ಏನಿತ್ತು ಎಂದು ತಿಳಿಯಲು ನನಗೆ ಬೆಂಗಳೂರಿಗಿಂತ ಮುಂಬಯಿಯೇ ಹೆಚ್ಚು ಉಪಕಾರಿ.

ಆದರೆ ಕಾಡು ಮುಗಿದು ಕಡಲು ಶುರುವಾಗುವಲ್ಲಿ ಈ ದಾಖಲೆಗಳು ತೆಳ್ಳಗಾಗುತ್ತವೆ. ಇದು ನನ್ನನ್ನು ಬಹಳ ದಿನ ಕಾಡಿದ ಸಂಗತಿ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ, ಅಂದರೆ ಹಳೆಯ ನಕಾಶೆಗಳ ಪಿಜನ್ ಐಲ್ಯಾಂಡ್. ವೆಂಗುರ್ಲಾ ಮತ್ತು ನಿವತಿ ಕಿನಾರೆಗಳ ಎದುರಿಗಿರುವ ವೆಂಗುರ್ಲಾ ಬಂಡೆಗಳು. ಇನ್ನೂ ಪಶ್ಚಿಮಕ್ಕೆ ಲಕ್ಷದ್ವೀಪದ ನಿರ್ಜನ ಮರಳುದಿಬ್ಬಗಳು. ಕುರ್ಲಾದಿಂದ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವವರು ರಾತ್ರಿ ಕುಡಾಳ, ಸಾವಂತವಾಡಿ ದಾಟುವಾಗ ಬಲಗಡೆಯ ಕತ್ತಲಲ್ಲಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ವೆಂಗುರ್ಲಾ ಬಂಡೆಗಳು ಹಾದುಹೋಗುತ್ತವೆ. ಹಡಗಿನವರು ಅವನ್ನು ಬರ್ನ್ಟ್ ಐಲ್ಯಾಂಡ್ಸ್, ಸುಟ್ಟ ದ್ವೀಪಗಳು ಎಂದು ಕರೆದರು. ಕಡಲ ಹಕ್ಕಿಗಳಿಗೆ ಬೇಕಾದದ್ದು ಇಂಥ ಜಾಗವೇ. ಇಲಿ, ನರಿ, ನಾಯಿ ಬರಲಾರದ ಕಲ್ಲು.

ಈ ದ್ವೀಪಗಳ ಹಕ್ಕಿಗಳ ಬಗ್ಗೆ ಮೊದಲು ವಿವರವಾಗಿ ಬರೆದವರಲ್ಲಿ ಅಲನ್ ಆಕ್ಟೇವಿಯನ್ ಹ್ಯೂಮ್ ಮುಖ್ಯ. ಶಾಲೆಯ ಪುಸ್ತಕದಲ್ಲಿ ಕಾಂಗ್ರೆಸ್ ಸ್ಥಾಪಕ ಎಂದು ಓದಿದ ಅದೇ ಹ್ಯೂಮ್. 1885ರ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಮೊದಲ ಅಧಿವೇಶನ ನಡೆಸುವ ಮುನ್ನ ಆತ ಹತ್ತಾರು ವರ್ಷ ಹಕ್ಕಿಗಳ ಹಿಂದೆ ಬಿದ್ದಿದ್ದ. ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯನ್ನು ತಾನೇ ನಡೆಸುತ್ತಿದ್ದ. ಕರಾಚಿಯ ಕಡೆಯ ಕಡಲಲ್ಲಿ ಕಂಡ ಪರ್ಷಿಯನ್ ಶಿಯರ್‌ವಾಟರ್ ಎಂಬ ಕಡಲ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದೂ ಅವನೇ. 1875ರ ಫೆಬ್ರುವರಿಯಲ್ಲಿ ಎ. ಡಿ. ಟೇಲರ್ ಎಂಬ ಅಧಿಕಾರಿಯ ಸಮುದ್ರ ಸರ್ವೆಯ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗಿಬಂದ. ಆ ಪ್ರವಾಸದ ಬರಹದಲ್ಲಿ ವೆಂಗುರ್ಲಾ ಬಂಡೆಗಳೂ ಇವೆ. ಆಮೇಲೆ ಅವನ ಕತೆ ದುಃಖದ್ದು. ಶಿಮ್ಲಾದ ಮನೆಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಸ್ತಪ್ರತಿಗಳನ್ನು ಆಳೊಬ್ಬ ರದ್ದಿ ಕಾಗದದ ಬೆಲೆಗೆ ಬಜಾರಿನಲ್ಲಿ ಮಾರಿಬಿಟ್ಟ. ಮನಸ್ಸು ಮುರಿದ ಹ್ಯೂಮ್ ಎಂಬತ್ತು ಸಾವಿರದಷ್ಟು ಹಕ್ಕಿಗಳ ಸಂಗ್ರಹವನ್ನು ಲಂಡನ್ನಿನ ಮ್ಯೂಸಿಯಂಗೆ ಕೊಟ್ಟು ಈ ಹವ್ಯಾಸವನ್ನೇ ಬಿಟ್ಟ. ರದ್ದಿವಾಲಾ ಒಬ್ಬನಿಂದ ಭಾರತದ ರಾಜಕೀಯಕ್ಕೆ ಎಷ್ಟು ಲಾಭವಾಯಿತೋ ಹೇಳಲಾರೆ.

ನನಗೆ ಮುಖ್ಯವೆನಿಸಿದ್ದು ಆ ತಿಂಗಳು. ಫೆಬ್ರುವರಿ. ಅರಬ್ಬಿ ಸಮುದ್ರ ಕನ್ನಡಿಯಂತಿರುವ ಕಾಲ, ಸರ್ವೆ ಹಡಗಿಗೆ ಪ್ರಶಸ್ತವಾದ ಕಾಲ. ಆದರೆ ವೆಂಗುರ್ಲಾ ಬಂಡೆಗಳ ಮೇಲೆ ಟರ್ನ್‌ಗಳು, ಅಂದರೆ ನಮ್ಮ ಹಕ್ಕಿ ಪುಸ್ತಕಗಳ ರೀವಗಳು, ಸಂಸಾರ ಹೂಡುವುದು ಮಳೆಗಾಲದ ಹೊತ್ತಿಗೆ. ನೈಋತ್ಯ ಮಾರುತ ಕಡಲನ್ನು ಕಡೆದು ತಳದ ತಂಪು ನೀರನ್ನು ಮೇಲೆತ್ತಿದಾಗ ಮೀನು ಹೆಚ್ಚುತ್ತದೆ. ಮರಿ ಸಾಕಲು ಅದೇ ಸರಿಯಾದ ಸಮಯ. ಹಕ್ಕಿ ಇರುವಾಗ ದೋಣಿ ಹೋಗದು, ದೋಣಿ ಹೋಗುವಾಗ ಹಕ್ಕಿ ಇರದು.

ಅಟ್ಲಾಂಟಿಕ್ ಸಾಗರದ ದ್ವೀಪಗಳ ಹಕ್ಕಿ ಚರಿತ್ರೆಯನ್ನು ಓದುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾ ದ್ವೀಪದ ಜನ ಶತಮಾನಗಳ ಕಾಲ ಹಗ್ಗ ಕಟ್ಟಿಕೊಂಡು ಬಂಡೆ ಇಳಿದು ಗ್ಯಾನೆಟ್, ಫುಲ್ಮರ್, ಪಫಿನ್ ಹಿಡಿದು ತಿಂದರು, ಹಕ್ಕಿಯ ಗರಿ ಎಣ್ಣೆಗಳಲ್ಲೇ ಗೇಣಿ ತೀರಿಸಿದರು. ಕೊನೆಗೆ 1930ರ ಆಗಸ್ಟ್ 29ರಂದು ಉಳಿದಿದ್ದ ಮೂವತ್ತಾರು ಜನ ಊರು ಖಾಲಿ ಮಾಡಿ ಹಡಗು ಹತ್ತಿದರು. ಅಲ್ಲಿ ಕಡಲ ಹಕ್ಕಿ ಗೂಡು ಕಟ್ಟುವುದು ಮೇ, ಜೂನ್, ಜುಲೈನಲ್ಲಿ. ಹಗಲು ಉದ್ದ, ಕಡಲು ಸುಮಾರಾಗಿ ಶಾಂತ. ಹಕ್ಕಿಗೂ ಮನುಷ್ಯನಿಗೂ ಅಲ್ಲಿ ಒಂದೇ ಋತು. ಅದರಿಂದ ಕೇಡೂ ಆಯಿತು: ಹಾರಲಾರದ ಗ್ರೇಟ್ ಆಕ್ ಎಂಬ ದೊಡ್ಡ ಹಕ್ಕಿಯ ಕಡೆಯ ಜೋಡಿಯನ್ನು ಐಸ್‌ಲ್ಯಾಂಡಿನ ಎಲ್ಡೇ ಎಂಬ ಬಂಡೆಯ ಮೇಲೆ ಕೊಂದದ್ದು 1844ರ ಜೂನ್‌ನಲ್ಲಿ, ಅವು ಮೊಟ್ಟೆಯ ಮೇಲಿದ್ದಾಗ. ಕೊಂದದ್ದು ಸಂಗ್ರಹಕಾರರಿಗೆ ಮಾರಲು. ಅದರಿಂದ ಒಳ್ಳೆಯದೂ ಆಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದಾಗಲೇ ಯೋಜನೆ ಹಾಕಿಕೊಂಡಿದ್ದ ಜಾರ್ಜ್ ವಾಟರ್‌ಸ್ಟನ್ ಬಿಡುಗಡೆಯಾಗಿ ಬಂದು 1948ರಲ್ಲಿ ಫೇರ್ ಐಲ್ ದ್ವೀಪದಲ್ಲಿ ಹಕ್ಕಿ ವೀಕ್ಷಣಾಲಯ ತೆರೆದ. ಇಂದಿಗೂ ಜನ ದುಡ್ಡು ಕೂಡಿಟ್ಟು ಅಲ್ಲಿಗೆ ಹೋಗುತ್ತಾರೆ.

ನಮ್ಮಲ್ಲಿ ಅಂಥದ್ದು ಬೆಳೆಯಲಿಲ್ಲ. ಅದಕ್ಕೆ ನಾವು ಸೋಮಾರಿಗಳು, ಹಕ್ಕಿ ಪ್ರೀತಿ ಇಲ್ಲದವರು ಎಂದೆಲ್ಲ ಹೇಳುವವರನ್ನು ಕೇಳಿದ್ದೇನೆ. ಜುಲೈ ತಿಂಗಳಲ್ಲಿ ನೇತ್ರಾಣಿಗೆ ದೋಣಿ ಒಯ್ಯಿ ಎಂದು ಅವರಿಗೇ ಹೇಳಬೇಕು.

ಮಳೆಗಾಲ ರೀವಗಳನ್ನು ಕಾದ ಹಾಗೆ ಅದೇ ಬಂಡೆಗಳ ಇನ್ನೊಂದು ಹಕ್ಕಿಯನ್ನು ಕಾಯಲಿಲ್ಲ. ಅದು ಇಂಡಿಯನ್ ಸ್ವಿಫ್ಟ್‌ಲೆಟ್. ಗುಬ್ಬಿಗಿಂತ ಸಣ್ಣದು, ಗವಿಯ ಕತ್ತಲಲ್ಲಿ ಬಾವಲಿಯ ಹಾಗೆ ಟಿಕ್ ಟಿಕ್ ಸದ್ದು ಹೊರಡಿಸಿ ಮಾರ್ದನಿಯಿಂದ ದಾರಿ ಹಿಡಿಯುತ್ತದೆ, ಜೊಲ್ಲಿನಿಂದ ಗೂಡು ಕಟ್ಟುತ್ತದೆ. ಅಂಡಮಾನಿನ ಅದರ ನೆಂಟ ಹಕ್ಕಿ ಶುದ್ಧ ಜೊಲ್ಲಿನ ಬಿಳಿ ಗೂಡು ಕಟ್ಟಿದರೆ, ಇದು ಜೊಲ್ಲಿನ ಜೊತೆ ಗರಿ, ಪಾಚಿ ಬೆರೆಸುತ್ತದೆ. ಹಾಗಾಗಿ ಚೀನೀ ಸೂಪಿನ ಮಾರುಕಟ್ಟೆಯಲ್ಲಿ ಇದಕ್ಕೆ ಎರಡನೇ ದರ್ಜೆ. ಎರಡನೇ ದರ್ಜೆಯಾದರೂ ಕಳ್ಳರು ಬಿಡಲಿಲ್ಲ. ಇದರ ಗೂಡಿನ ಕಾಲ ಮಳೆಗೆ ಮುಂಚಿನ ತಿಂಗಳುಗಳು. ಅಂದರೆ ಕಡಲು ಮನುಷ್ಯನಿಗೆ ತೆರೆದಿರುವಾಗಲೇ ಗೂಡೂ ಸಿದ್ಧವಿರುತ್ತದೆ. 2000ದ ನಂತರದ ವರ್ಷಗಳಲ್ಲಿ ವೆಂಗುರ್ಲಾ ಬಂಡೆಗಳ ಗವಿಯಲ್ಲಿ ಗೂಡು ಕೀಳುವ ದಂಧೆ ಬೆಳಕಿಗೆ ಬಂತು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು, ವೇಳಾಸ್ ಕಿನಾರೆಯಲ್ಲಿ ಕಡಲಾಮೆಗಳನ್ನು ಉಳಿಸಿ ಹೆಸರಾದವರು, ಇದರ ಬೆನ್ನು ಹತ್ತಿ ಗವಿ ಕಾಯುವ ಕೆಲಸಕ್ಕೆ ಇಳಿದರು. ಒಂದೇ ಬಂಡೆ, ಎರಡು ಹಕ್ಕಿ. ಒಂದರ ಕೇಡಿಗೂ ದಾಖಲೆಗೂ ಕಾರಣ ಬೇಸಿಗೆ. ಇನ್ನೊಂದರ ಕ್ಷೇಮಕ್ಕೂ ಅಜ್ಞಾತವಾಸಕ್ಕೂ ಕಾರಣ ಮಳೆ.

ಹ್ಯೂಮ್ ಬಂದುಹೋದ ಆರು ದಶಕಗಳ ನಂತರ ಈ ಬಂಡೆಗಳನ್ನು ಹುಡುಕಿಕೊಂಡು ಹೋದವರು ಮುಂಬಯಿಯ ಹುಮಾಯೂನ್ ಅಬ್ದುಲಲಿ. ಸಲೀಂ ಅಲಿಯವರ ನೆಂಟರು, ಮುಂಬಯಿ ಮತ್ತು ಸಾಲ್ಸೆಟ್ ದ್ವೀಪದ ಹಕ್ಕಿಗಳ ಬಗೆಗಿನ ಲೇಖನಮಾಲೆಯನ್ನು ಅವರೊಂದಿಗೆ ಸೇರಿ ಬರೆದವರು. ಅಬ್ದುಲಲಿಯವರದು ವ್ಯಾಪಾರದ ಕುಟುಂಬ. ಹಕ್ಕಿ ಶಾಸ್ತ್ರ ಸಂಬಳದ ಕೆಲಸವಾಗಿರಲಿಲ್ಲ. ವೆಂಗುರ್ಲಾದ ರೀವಗಳ ಮತ್ತು ಸ್ವಿಫ್ಟ್‌ಲೆಟ್‌ಗಳ ಮೇಲೆ ಅವರ ಎರಡು ಲೇಖನಗಳು ಸೊಸೈಟಿಯ ಪತ್ರಿಕೆಯಲ್ಲಿ 1940 ಮತ್ತು 1942ರಲ್ಲಿ ಬಂದವು. ಮುಂದೆ 1951ರ ಮುಂಬಯಿ ವನ್ಯಪ್ರಾಣಿ ಮತ್ತು ಪಕ್ಷಿ ರಕ್ಷಣಾ ಕಾಯ್ದೆಯ ಕರಡಿನ ಹಿಂದೆಯೂ ಅವರ ದುಡಿಮೆ ಇತ್ತು. ಸಲೀಂ ಅಲಿಯವರ ಖ್ಯಾತಿಯ ನೆರಳಿನಲ್ಲಿ ಇವರ ಹೆಸರು ಮಸುಕಾಗಿದೆ. ಕಡಲ ವಿಷಯದಲ್ಲಿ ಮಾತ್ರ ನನ್ನ ವೋಟು ಅಬ್ದುಲಲಿಯವರಿಗೆ. ಒಬ್ಬ ಪ್ರವಾಸಿ ಒಂದು ದಿನ ಇಳಿದು ಬರೆದ ಬಂಡೆಗೆ ಮತ್ತೆ ಹೋಗಬೇಕು ಎಂದು ಅವರಿಗೆ ಅನಿಸಿತಲ್ಲ, ಅದು ದೊಡ್ಡದು.

ನಾನು ಹೊಟ್ಟೆಪಾಡಿಗೆ ಮಾಡುವುದು ಐರೋಲಿಯ ಒಂದು ಐಟಿ ಕಚೇರಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ. ಅಲ್ಲಿ ಹೊಸ ಹುಡುಗರಿಗೆ ಮೊದಲ ವಾರವೇ ಒಂದು ಮಾತು ಹೇಳುತ್ತೇನೆ: ಎಕ್ಸೆಲ್‌ನಲ್ಲಿ ಖಾಲಿ ಬಿಟ್ಟ ಮನೆ ಬೇರೆ, ಸೊನ್ನೆ ಬರೆದ ಮನೆ ಬೇರೆ. ಎಣಿಸಿ ನೋಡಿ ಇಲ್ಲ ಎಂದರೆ ಸೊನ್ನೆ. ಎಣಿಸಲೇ ಇಲ್ಲವಾದರೆ ಖಾಲಿ. ನಮ್ಮ ಕಡಲ ದ್ವೀಪಗಳ ಜೂನ್, ಜುಲೈ, ಆಗಸ್ಟ್ ಮನೆಗಳು ಖಾಲಿ. ಆದರೆ ಯೋಜನೆ ಹಾಕುವವರ ಮೇಜಿಗೆ ಹೋಗುವಷ್ಟರಲ್ಲಿ ಅವು ಸೊನ್ನೆಯಾಗಿಬಿಡುತ್ತವೆ. ನೇತ್ರಾಣಿಯನ್ನೇ ನೋಡಿ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಜಾಗ, ಹಿಂದೂ ಮುಸ್ಲಿಂ ಮೀನುಗಾರರಿಬ್ಬರೂ ಹರಕೆ ಹೊತ್ತು ಆಡು ಬಿಟ್ಟು ಬರುತ್ತಿದ್ದ ಜಾಗ. ಅದನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿತು. ಸಿಡಿಯದ ಗುಂಡುಗಳು ದ್ವೀಪದ ಮೇಲೆ ಉಳಿದವು. ದೇಶದ ರಕ್ಷಣೆಗೆ ಅಭ್ಯಾಸ ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಆದರೆ ‘ಅಲ್ಲಿ ಏನೂ ಇಲ್ಲ’ ಎಂಬ ಮಾತು ಇಂಥ ಜಾಗಗಳ ಬಗ್ಗೆ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! ನಮ್ಮ ಕಚೇರಿಯ ಹಿಂದಿನ ಠಾಣೆ ಖಾಡಿಯಲ್ಲಿ ಫ್ಲೆಮಿಂಗೋಗಳು ಚಳಿಗಾಲ, ಬೇಸಿಗೆಯಲ್ಲಿ ಗುಲಾಬಿ ಚಾದರ ಹಾಸಿದಂತೆ ಎಲ್ಲರ ಕಣ್ಣಿಗೂ ಬಿದ್ದವು. 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ಕಂಡ ಹಕ್ಕಿಗೆ ಕಾನೂನು ಸಿಗುತ್ತದೆ.

ಕಡಲ ಹಕ್ಕಿ ಮುಂಬಯಿಗೆ ತಾನಾಗಿ ಕಾಣಿಸುವುದು ಒಂದೇ ರೀತಿಯಲ್ಲಿ. ಮಳೆಗಾಲದ ಬಿರುಗಾಳಿಗೆ ದಾರಿ ತಪ್ಪಿ, ದಣಿದು, ಕಿನಾರೆಗೋ ಉಪನಗರದ ಟೆರೇಸಿಗೋ ಬೀಳುತ್ತದೆ. ಸೂಟಿ ಟರ್ನ್, ನಾಡಿ, ಬೂಬಿ, ಒಮ್ಮೊಮ್ಮೆ ಫ್ರಿಗೇಟ್ ಹಕ್ಕಿ ಹೀಗೆ ಸಿಕ್ಕಿವೆ. ಕಿನಾರೆಯಿಂದ ದೂರ, ನಡುಗಡಲಲ್ಲಿ, ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ನಲವತ್ತು ಗ್ರಾಮಿನ ಹಕ್ಕಿಯೂ ಆಗ ಇರುತ್ತದೆ. ಅದರ ತವರು ಅಂಟಾರ್ಟಿಕದ ಅಂಚು ಮತ್ತು ದಕ್ಷಿಣ ಅಟ್ಲಾಂಟಿಕಿನ ಸೌತ್ ಜಾರ್ಜಿಯಾದಂಥ ದ್ವೀಪಗಳು. ಸೊಸೈಟಿಯ ಪತ್ರಿಕೆಯ ಹಳೆಯ ಸಂಪುಟಗಳ ಹಿಂಭಾಗದಲ್ಲಿ, ಸಣ್ಣ ಟಿಪ್ಪಣಿಗಳ ಪುಟಗಳಲ್ಲಿ, ಹೀಗೆ ಬಿದ್ದ ಹಕ್ಕಿಗಳ ಸುದ್ದಿ ಇರುತ್ತದೆ. ನನಗೆ ಅವು ಬಹಳ ಇಷ್ಟದ ಓದು.

ಕೆಲವು ವರ್ಷದ ಹಿಂದೆ, ಜುಲೈನಲ್ಲಿ, ಮುಲುಂಡಿನ ನಮ್ಮ ಸೊಸೈಟಿಯ ಟೆರೇಸಿನ ನೀರಿನ ಟಾಂಕಿ ಪಕ್ಕ ಒಂದು ಹಕ್ಕಿ ಕೂತಿದೆ ಎಂದು ವಾಚ್‌ಮನ್ ಬಂದು ಕರೆದ. “ಸಾಬ್, ಕಬೂತರ್ ನಹೀ ಹೈ.” ಮೇಲೆ ಕಪ್ಪು, ಕೆಳಗೆ ಬಿಳಿ, ಉದ್ದ ರೆಕ್ಕೆ, ಹಣೆಯ ಮೇಲೆ ಬಿಳಿ ಪಟ್ಟಿ. ಆ ಪಟ್ಟಿ ಕಣ್ಣು ದಾಟಿ ಹಿಂದಕ್ಕೆ ಹೋದರೆ ಬ್ರೈಡಲ್ಡ್ ಟರ್ನ್, ವೆಂಗುರ್ಲಾದ ಹಕ್ಕಿ. ಕಣ್ಣಿನ ಬಳಿಯೇ ನಿಂತರೆ ಸೂಟಿ ಟರ್ನ್, ಇನ್ನೂ ದೂರದ್ದು. ಮಳೆಯಲ್ಲಿ ತೊಯ್ದ ಗರಿ ಒಂದಕ್ಕೊಂದು ಅಂಟಿ ಪಟ್ಟಿ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯುವಂತಿರಲಿಲ್ಲ. ಎದುರು ಮನೆಯ ತಾಯಿ ಒಣ ಟವೆಲ್ ತಂದುಕೊಟ್ಟರು. ಹಕ್ಕಿ ರಕ್ಷಣೆಯ ಒಬ್ಬ ಹುಡುಗ ರಟ್ಟಿನ ಡಬ್ಬ ಹಿಡಿದು ಲೋಕಲ್‌ನಲ್ಲಿ ಬಂದ. ಮೊದಲು ತೂಕ ನೋಡಿದ, ಕಾಲಿಗೆ ಉಂಗುರ ಇದೆಯೇ ಎಂದು ನೋಡಿದ, ಇಲ್ಲ ಎಂದು ಬರೆದುಕೊಂಡ. ದಿನ, ಸಮಯ, ಜಾಗ ಕೇಳಿದ. ಮೂರನೇ ದಿನ ಮೆಸೇಜು ಬಂತು: ಬ್ರೈಡಲ್ಡ್, ಉಳಿಯಲಿಲ್ಲ. ಯಾವ ಬಂಡೆಯ ಮೇಲೆ ಅದರ ಮೊಟ್ಟೆಯೋ ಮರಿಯೋ ಇತ್ತು ಎಂದು ಹೇಳುವ ಉಂಗುರ ಅದರ ಕಾಲಲ್ಲಿ ಇರಲಿಲ್ಲ. ಆದರೆ ಒಂದು ಜುಲೈನ ಒಂದು ಮನೆ ಭರ್ತಿಯಾಯಿತು.

ಮಳೆಗಾಲವಿಡೀ ಈ ದ್ವೀಪಗಳ ಮೇಲೆ ಯಾರೂ ಇರುತ್ತಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ದೀಪಸ್ತಂಭದ ಕಾವಲುಗಾರರಿದ್ದರು. ಕಾರವಾರದ ಎದುರಿನ ದೇವಗಡ ದ್ವೀಪದ ದೀಪ ಬೆಳಗಿದ್ದು 1864ರಲ್ಲಿ. ವೆಂಗುರ್ಲಾ ಬಂಡೆಯ ಮೇಲೂ ದೀಪವಿದೆ. ಬ್ರಿಟನ್ನಿನಲ್ಲಿ 1880ರ ದಶಕದಲ್ಲಿ ದೀಪಸ್ತಂಭಗಳಿಗೂ ದೀಪದ ಹಡಗುಗಳಿಗೂ ಫಾರ್ಮ್ ಕಳಿಸಿ, ರಾತ್ರಿ ದೀಪಕ್ಕೆ ಬಡಿದ ಹಕ್ಕಿ, ಹಗಲು ಹಾದ ಹಕ್ಕಿ ಬರೆದಿಡಿ ಎಂದು ಕಾವಲುಗಾರರನ್ನು ಕೇಳಿದರು. ಆ ಕಾಗದಗಳ ರಾಶಿಯನ್ನು ಜಾಲಾಡಿ ವಿಲಿಯಂ ಈಗಲ್ ಕ್ಲಾರ್ಕ್ ಹಕ್ಕಿಗಳ ವಲಸೆಯ ದಾರಿ ಗುರುತಿಸಿದ. ಸಾಲದೆಂದು 1901ರಲ್ಲಿ ಎಡ್ಡಿಸ್ಟೋನ್ ದೀಪಸ್ತಂಭದಲ್ಲಿ ತಾನೇ ಹೋಗಿ ಒಂದು ತಿಂಗಳು ಕೂತ. ಅಂಥ ಒಂದು ಫಾರ್ಮನ್ನು ಮರಾಠಿಯಲ್ಲೋ ಕನ್ನಡದಲ್ಲೋ ಅಚ್ಚು ಹಾಕಿ ನಮ್ಮ ದೀಪದವರಿಗೆ ಕೊಟ್ಟಿದ್ದರೆ ಹ್ಯೂಮ್‌ನ ಫೆಬ್ರುವರಿಯ ಪಕ್ಕದಲ್ಲಿ ನೂರು ಜುಲೈಗಳು ಇರುತ್ತಿದ್ದವು. ಹೆಚ್ಚು ಖರ್ಚಿನ ಕೆಲಸವೂ ಅಲ್ಲ.

ಲಕ್ಷದ್ವೀಪದಲ್ಲೂ ಇದೇ ಕತೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನದಿವಿ ದ್ವೀಪಗಳು ಟಿಪ್ಪು ಬಿದ್ದ ಮೇಲೆ 1799ರಿಂದ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂದರೆ ಇಂದಿನ ಮಂಗಳೂರಿನವರೂ ಹುಬ್ಬೇರಿಸುತ್ತಾರೆ. ದ್ವೀಪದ ಓಡಗಳು ಕೊಬ್ಬರಿ, ನಾರು ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದದ್ದು ಕಡಲು ತೆರೆದಿರುವಾಗ ಮಾತ್ರ. ಸರ್ಕಾರಿ ತಪಾಸಣೆಯೂ ಅದೇ ಕಾಲದಲ್ಲಿ. ಕವರತ್ತಿಗೆ ವಾಯವ್ಯದಲ್ಲಿರುವ ಪಿಟ್ಟಿ ಎಂಬ ಒಂದೂಕಾಲು ಹೆಕ್ಟೇರಿನ ಮರಳುದಿಬ್ಬ ಕಡಲ ರೀವಗಳ ದೊಡ್ಡ ನೆಲೆ. ಇನ್ವೆಸ್ಟಿಗೇಟರ್ ಹಡಗಿನ ವೈದ್ಯ ಆಲ್ಕಾಕ್ ಅದರ ಬಗ್ಗೆ ಬರೆದಿದ್ದಾನೆ, ಈಗ ಅದು ಪಕ್ಷಿಧಾಮ. ಮರವಿಲ್ಲ, ಕುಡಿಯುವ ನೀರಿಲ್ಲ, ಹಕ್ಕಿ ಬಿಟ್ಟರೆ ಬೇರೆ ಏನೂ ಇಲ್ಲ.

ಕಳೆದ ವರ್ಷ ಊರಿಗೆ ಹೋದಾಗ ನಮ್ಮ ಕೇರಿಯ ಖಾರ್ವಿ ಅಜ್ಜನ ಜೊತೆ ಕೂತು ಇದನ್ನೆಲ್ಲ ಕೇಳಿದೆ. ಎಂಬತ್ತು ದಾಟಿದೆ, ನಾಡದೋಣಿಯ ಕಾಲದವರು. ಕಡಲ ಮೇಲೆ ಹಕ್ಕಿ ಗುಂಪುಗೂಡಿದಲ್ಲಿ ಕೆಳಗೆ ಮೀನಿನ ಹಿಂಡಿದೆ ಎಂದು ಬಲೆ ಬೀಸಿದವರು. ನೇತ್ರಾಣಿ ಗುಡ್ಡದ ಸುತ್ತ ಮಳೆಗಾಲದಲ್ಲಿ ಹಕ್ಕಿ ಮೊಟ್ಟೆ ಇಡುವುದನ್ನು ಕಂಡಿದ್ದೀರಾ ಅಜ್ಜಾ ಎಂದೆ. ನಕ್ಕರು.

“ಆಗ ನಾವು ಮನೆ ಜಗಲಿ ಮೇಲೆ ಬಲೆ ಹೆಣೀತಾ ಕೂತಿರ್ತಿದ್ವು ತಮಾ. ಹೋಗಿ ನೋಡ್ದವ್ರು ಯಾರು?”

ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಮೊದಲ ಸಲ ದೋಣಿ ಇಳಿಸಿದಾಗ, ಗುಡ್ಡ ಇನ್ನೂ ದೂರ ಇರುವಾಗಲೇ, ಕಂದು ಬಣ್ಣದ ಮರಿಗಳು ದೊಡ್ಡ ಹಕ್ಕಿಯ ಹಿಂದೆ ಮೀನಿಗಾಗಿ ಕಿರುಚುತ್ತ ಹಾರುತ್ತಿದ್ದವಂತೆ. ಪ್ರತಿ ವರ್ಷ. ಆ ಮರಿ ಎಲ್ಲಿಂದ ಬಂತು ಅಂತ ಕೇಳುವ ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿತು. ವರ್ಷ ನೆನಪಿದೆಯೇ ಎಂದು ಕೇಳಿದೆ. ದೊಡ್ಡ ಮಗ ಹುಟ್ಟಿದ ವರ್ಷ ಬಹಳ ಇದ್ದವು ಎಂದರು. ಒಳಗೆ ಹೋಗಿ ಮಗನ ಆಧಾರ್ ಕಾರ್ಡು ತರಿಸಿ, ನನ್ನ 1875ರ ಪಟ್ಟಿಯ ಕೆಳಗೆ ಬರೆದುಕೊಂಡೆ: 1967, ಆಗಸ್ಟ್.